ಅಮೆರಿಕದ ಪ್ರವಚನಕಾರರು ಮತ್ತು ಅತ್ತೆಯ ಎಡಗಣ್ಣು

ನಮ್ಮ ಮನೆಗೆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅಮೆರಿಕದ ಪಾದ್ರಿಗಳು ಬರುತ್ತಾರೆ. ಟಿವಿಯಲ್ಲಿ ಬರುತ್ತಾರೆ, ಹಾಗಾಗಿ ಚಹಾ ಕೊಡಬೇಕಾಗಿಲ್ಲ. ನನಗೂ ನನ್ನ ಗಂಡನಿಗೂ ಅವರನ್ನು ಕುರಿತ ಸಾಕ್ಷ್ಯಚಿತ್ರಗಳ ಹುಚ್ಚು ಹಿಡಿದು ಬಹಳ ಕಾಲವಾಯಿತು. ಕ್ರೀಡಾಂಗಣದಷ್ಟು ದೊಡ್ಡ ಚರ್ಚು, ಬಿಳಿ ಸೂಟು, ಗಾಳಿಗೂ ಮಿಸುಕದ ಕ್ರಾಪು, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಕರವಸ್ತ್ರ, ಒಂದು ಮಾತಿಗೆ ಸಾವಿರಾರು ಜನರನ್ನು ಅಳಿಸಿ ಮರುಮಾತಿಗೆ ನಗಿಸುವ ಗಂಡಸು. ಇಂಥವರ ಬಗ್ಗೆ ಎಷ್ಟು ಚಿತ್ರಗಳಿವೆಯೆಂದರೆ, ಇಷ್ಟು ದಿನ ನೋಡಿದರೂ ಮುಗಿದಿಲ್ಲ. ಇಂಗ್ಲಿಷರ ನಾಡಿನಲ್ಲಿ, ಕೆಂಟನ್ನಿನ ನಮ್ಮ ಬೀದಿಯಲ್ಲಿ ಬೇರೆಯವರ ಮನೆಯಿಂದ ಕ್ರಿಕೆಟ್ ಕಾಮೆಂಟರಿ ಕೇಳಿಸಿದರೆ ನಮ್ಮ ಮನೆಯಿಂದ ಹಲ್ಲೆಲೂಯ ಕೇಳಿಸುತ್ತದೆ. ಪಕ್ಕದ ಮನೆಯ ಗುಜರಾತಿ ಹೆಂಗಸು ಒಮ್ಮೆ ಬೇಲಿಯಾಚೆಯಿಂದ, ನೀವು ಯಾವಾಗ ಮತ ಬದಲಾಯಿಸಿದಿರಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು.

ಈ ಚಿತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದವು. ಮೊದಲರ್ಧದಲ್ಲಿ ಬಡ ಮನೆಯ ಹುಡುಗ, ಹರಿದ ಗುಡಾರದ ಕೆಳಗೆ ಮೊದಲ ಬೋಧನೆ, ಆಮೇಲೆ ರೇಡಿಯೋ, ಆಮೇಲೆ ಟಿವಿ, ಆಮೇಲೆ ಕಾರು ನಿಲ್ಲಿಸಲು ಜಾಗವಿಲ್ಲದಷ್ಟು ಜನ. ನಡುವೆ ಎಲ್ಲೋ ಸಂಗೀತ ಇದ್ದಕ್ಕಿದ್ದಂತೆ ತಗ್ಗುತ್ತದೆ. ಹಳೆಯ ಕಾರ್ಯದರ್ಶಿಯೊಬ್ಬಳು ಕುರ್ಚಿಯಲ್ಲಿ ಕೂತು ಒಂದು ಗುಟುಕು ನೀರು ಕುಡಿದು, ಆಗ ನನಗೆ ಅನುಮಾನ ಬಂತು ಎನ್ನುತ್ತಾಳೆ. ಅಲ್ಲಿಂದ ಇಳಿಜಾರು. ಖಾಸಗಿ ವಿಮಾನ, ಬಚ್ಚಿಟ್ಟ ಬಂಗಲೆ, ಕ್ಯಾಮೆರಾ ಮುಂದೆ ಅಳುತ್ತ ಕ್ಷಮೆ ಕೇಳುವುದು.

ನನ್ನ ಗಂಡನಿಗೆ ಬೇಕಾದದ್ದು ಎರಡನೆಯ ಅರ್ಧ. ಅವನು ವಿಜಯಪುರದವನು. ಹುಡುಗನಾಗಿದ್ದಾಗ ಶ್ರಾವಣ ಬಂದರೆ ಸಾಕು, ಪ್ರತಿ ಸಂಜೆ ಅವ್ವ ಅವನನ್ನು ಮಠದ ಪ್ರವಚನಕ್ಕೆ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರಂತೆ. ಆಟ ಬಿಟ್ಟು ಕೂತ ಆ ಸಂಜೆಗಳ ಸಿಟ್ಟನ್ನು ಅವನು ಪಾಪ, ಏನೂ ಅರಿಯದ ಅಮೆರಿಕದವರ ಮೇಲೆ ತೀರಿಸಿಕೊಳ್ಳುತ್ತಾನೆ. ನನಗೆ ಇಷ್ಟ ಮೊದಲರ್ಧ. ನಾನು ಮೈಸೂರಿನವಳು, ನಮ್ಮ ಮನೆಯಲ್ಲಿ ದೇವರ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡಿದವರಲ್ಲ. ವಾರವಿಡೀ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತ, ಹೇಳುವವರಿಗೇ ನಂಬಿಕೆಯಿಲ್ಲದ ಮಾತುಗಳನ್ನು ಮೀಟಿಂಗುಗಳಲ್ಲಿ ಕೇಳಿ ಕೇಳಿ ಬಂದವಳಿಗೆ, ಒಬ್ಬ ಮನುಷ್ಯ ಹೀಗೆ ಬೆವರು ಸುರಿಸಿ ಮಾತಾಡುವುದನ್ನು ನೋಡಿದರೆ ಜೀವಕ್ಕೆ ಹಾಯೆನಿಸುತ್ತದೆ. ಅವನು ಸುಳ್ಳ ಎಂದು ಗೊತ್ತಿದ್ದರೂ ಹಾಗೇ ಅನಿಸುತ್ತದೆ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಯೇ ಇರಲು ಬಂದರು. ಮೊದಲ ಶನಿವಾರ ಸೋಫಾದ ತುದಿಯಲ್ಲಿ ಕೂತು, ತೆರೆಯ ಮೇಲೆ ಓಡಾಡುತ್ತಿದ್ದ ಬಿಳಿ ಸೂಟಿನವನನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು.

“ಏನಂತಾನವ್ವಾ ಅಂವಾ?”

“ದೇವರನ್ನ ನಂಬಿ, ಒಳ್ಳೇದಾಗುತ್ತೆ ಅಂತಿದಾನೆ ಅತ್ತೆ.”

“ಇಷ್ಟು ಹೇಳಾಕ ಅಷ್ಟು ಬೆವತನೇನು?”

ನನಗೆ ನಾಚಿಕೆಯಾಯಿತು. ಆ ಮನುಷ್ಯ ಐದು ನಿಮಿಷ ಕೂಗಾಡಿದ್ದನ್ನು ನಾನು ಒಂದು ಸಾಲಿನಲ್ಲಿ ಮುಗಿಸಿದ್ದೆ. ಮುಂದಿನ ವಾರದಿಂದ ಸ್ವಲ್ಪ ಬಿಡಿಸಿ ಹೇಳತೊಡಗಿದೆ. ಅತ್ತೆ ನಡುನಡುವೆ ತಿದ್ದುತ್ತಿದ್ದರು. ಪ್ರವಚನದವರು ಹಾಗನ್ನುವುದಿಲ್ಲ, ಹೀಗನ್ನುತ್ತಾರೆ. ಅಲ್ಲಿ ಒಂಚೂರು ನಿಲ್ಲಬೇಕು. ಜನ ತಲೆದೂಗಲು ಹೊತ್ತು ಕೊಡಬೇಕು. ಬರಬರುತ್ತ ನನ್ನ ನಾಲಿಗೆಗೆ ಅವರ ಊರಿನ ಮಾತು ಹತ್ತಿತು. ಟೆಕ್ಸಸ್ಸಿನ ಯಾವನೋ ‘ಫ್ರೆಂಡ್ಸ್’ ಎಂದರೆ ಸಾಕು, ನಾನು ‘ತಾಯಂದಿರೇ, ತಂದೆಗಳೇ, ಈ ಜೀವ ಅನ್ನೂದು ನಾಕು ದಿನದ ಸಂತಿ’ ಎಂದು ಶುರುಮಾಡುತ್ತಿದ್ದೆ. ಅವನು ಅಂದದ್ದು ಒಂದಿದ್ದರೆ ನಾನು ಹೇಳಿದ್ದು ನಾಲ್ಕು. ಅತ್ತೆ ಹೌದೌದೆಂದು ತಲೆದೂಗುತ್ತಿದ್ದರು. ನನ್ನ ಗಂಡ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದ. ಮಗಳು ಮಹಡಿಯಿಂದಿಳಿದು, “ಮಮ್, ಹಿ ಡಿಡಂಟ್ ಸೇ ದಟ್” ಎಂದು ಹೇಳಿ, ಬಿಸ್ಕತ್ತು ತೆಗೆದುಕೊಂಡು ವಾಪಸು ಹೋಗುತ್ತಿದ್ದಳು.

ಒಂದು ವಿಷಯ ಮಾತ್ರ ನನಗೆ ತಡವಾಗಿ ಹೊಳೆಯಿತು. ಸಂಗೀತ ತಗ್ಗಿ ಕಾರ್ಯದರ್ಶಿ ನೀರು ಕುಡಿಯುವ ಹೊತ್ತಿಗೆ ಸರಿಯಾಗಿ ಅತ್ತೆ, “ಇನ್ನ ಇವರ ಮನಿ ಜಗಳ ಸುರುವಾತು” ಎಂದು ಎದ್ದು, ರೊಟ್ಟಿಗೆ ಹಿಟ್ಟು ನಾದಲು ಹೋಗಿಬಿಡುತ್ತಿದ್ದರು. ಅಂದರೆ ಅಷ್ಟು ಚಿತ್ರಗಳಲ್ಲಿ ಅವರು ನೋಡಿದ್ದೆಲ್ಲ ಮೊದಲರ್ಧವೇ. ಅವರ ಲೆಕ್ಕದಲ್ಲಿ ಅಮೆರಿಕ ತುಂಬ ಬರೀ ಒಳ್ಳೊಳ್ಳೆಯ ಪ್ರವಚನಕಾರರು. ಇದು ಗೊತ್ತಾದಾಗ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಸರಿಪಡಿಸುವ ಗೋಜಿಗೆ ಹೋಗಲಿಲ್ಲ.

ಇಷ್ಟರಲ್ಲಿ ಅತ್ತೆಯ ಎಡಗಣ್ಣಿನಲ್ಲಿ ಪೊರೆ ಬಲಿಯಿತು. ಬಲಗಣ್ಣಿನ ಪೊರೆಯನ್ನು ಬಹಳ ಹಿಂದೆಯೇ ವಿಜಯಪುರದಲ್ಲಿ ತೆಗೆಸಿದ್ದರು. ಒಂದು ಕಣ್ಣು ಚೆನ್ನಾಗಿ, ಇನ್ನೊಂದು ಮಬ್ಬಾಗಿ ಕಂಡರೆ ಎತ್ತರ ತಗ್ಗಿನ ಅಂದಾಜು ಸಿಗುವುದಿಲ್ಲವಂತೆ. ಚಹಾ ಬಟ್ಟಲಿನ ಪಕ್ಕಕ್ಕೆ ಬೀಳತೊಡಗಿತು. ಒಂದು ದಿನ ರಸ್ತೆ ದಾಟಿ ಫುಟ್‌ಪಾತ್ ಹತ್ತುವಾಗ ಎಡವಿ ಬಿದ್ದು ಮೊಣಕಾಲು ತರಚಿಕೊಂಡು ಬಂದರು. ಅವತ್ತಿನಿಂದ ನನ್ನ ಗಂಡ, ಒಬ್ಬಳೇ ಹೊರಗೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ. ಅದು ಅವರಿಗೆ ದೊಡ್ಡ ಪೆಟ್ಟು. ಕೆಂಟನ್ ರಸ್ತೆಯ ಅಂಗಡಿಗೆ ಒಬ್ಬರೇ ಹೋಗಿ, ಗುಜರಾತಿ ಅಂಗಡಿಯವನ ಜೊತೆ ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ ವಾದ ಮಾಡಿ, ಮೆಂತ್ಯಸೊಪ್ಪಿನ ಕಟ್ಟು ಹಿಡಿದು ಬರುವುದು ಈ ಊರಿನಲ್ಲಿ ಅವರಿಗೆ ಸ್ವಂತದ್ದು ಅಂತ ಇದ್ದ ಒಂದೇ ಕೆಲಸ. ಅದು ನಿಂತಮೇಲೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಆಸ್ಪತ್ರೆಗೆ ಬರೆದುಕೊಟ್ಟರು. ಸರದಿ ಬರುವವರೆಗೆ ಕಾಯಬೇಕೆಂದರು, ಕಾದೆವು.

ಕಾಯುತ್ತಿದ್ದ ದಿನಗಳಲ್ಲೇ ಆ ಚಿತ್ರ ಬಂತು. ಹಳೆಯ ಕಾಲದ ಬೋಧಕ, ಟಿವಿಯ ಮೂಲಕವೇ ರೋಗ ವಾಸಿ ಮಾಡುತ್ತಿದ್ದನಂತೆ. ಅವನು ಕ್ಯಾಮೆರಾದ ಹತ್ತಿರಕ್ಕೆ ಬಂದು, ಅಂಗೈಯನ್ನು ತೆರೆಯ ತುಂಬ ತುಂಬಿಸಿ, ನಿಮಗೆ ಏನೇ ಕಾಯಿಲೆ ಇರಲಿ, ನಿಮ್ಮ ಟಿವಿಯ ಮೇಲೆ ಕೈಯಿಡಿ, ವಾಸಿಯಾಗುತ್ತದೆ ಎಂದ. ಪಕ್ಕದಲ್ಲಿ ಅತ್ತೆ ಕೂತಿದ್ದರು. ನನಗೂ ಆ ಹೊತ್ತಿಗೆ ಪ್ರವಚನದ ಅಮಲೇರಿತ್ತು. “ತಾಯಿ, ನಿನ್ನ ಕಣ್ಣಿಗೆ ಬೆಳಕ ಬರತೈತಿ, ಬಂದು ನನ್ನ ಕೈಮ್ಯಾಲ ಕೈ ಇಡು” ಎಂದು ಹೇಳಿಬಿಟ್ಟೆ. ಅವನು ಕಣ್ಣಿನ ಸುದ್ದಿಯನ್ನೇ ಎತ್ತಿರಲಿಲ್ಲ. ಅತ್ತೆಗೆ ಖುಷಿಯಾಗಲಿ ಎಂದು ನಾನೇ ಸೇರಿಸಿದ್ದು.

ಅತ್ತೆ ಎದ್ದು ಹೋಗಿ ಸೆರಗು ತಲೆ ಮೇಲೆ ಹೊದ್ದುಕೊಂಡು ತೆರೆಯ ಮೇಲೆ ಅಂಗೈಯಿಟ್ಟರು. ನನ್ನ ಗಂಡ ದಿಂಬಿನಿಂದ ಮುಖ ಎತ್ತಿದ. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು ಎಡಗಣ್ಣಿಗೆ ಒತ್ತಿಕೊಂಡು, “ನಿಚ್ಚಳ ಕಾಣಾಕತ್ತೈತಿ” ಎಂದು ಹಿಟ್ಟು ನಾದಲು ಹೋದರು.

ಮಂಗಳವಾರ ನಾವಿಬ್ಬರೂ ಆಫೀಸಿನಲ್ಲಿದ್ದಾಗ ಅವರು ಒಬ್ಬರೇ ಅಂಗಡಿಗೆ ಹೋಗಿ ಬಂದಿದ್ದರು. ಸಂಜೆ ಅವಲಕ್ಕಿಯ ಮೇಲೆ ಕೊತ್ತಂಬರಿ ಉದುರಿಸಿ ತಂದಿಟ್ಟರು. ಒಂದು ತುತ್ತು ಬಾಯಿಗಿಟ್ಟೆ. ಅದು ಕೊತ್ತಂಬರಿಯಲ್ಲ, ಪಾರ್ಸ್ಲಿ. ನೋಡಲು ಹಾಗೇ ಇರುತ್ತದೆ, ರುಚಿ ಮಾತ್ರ ಹುಲ್ಲಿನದು. ಮುಚ್ಚಿದ ಪ್ಲಾಸ್ಟಿಕ್ಕಿನಲ್ಲಿದ್ದದ್ದರಿಂದ ಅಂಗಡಿಯಲ್ಲಿ ವಾಸನೆ ಸಿಕ್ಕಿರಲಿಕ್ಕಿಲ್ಲ, ಹೆಚ್ಚುವಾಗ ಖಂಡಿತ ಸಿಕ್ಕಿರುತ್ತದೆ. ಅತ್ತೆ ತಟ್ಟೆಯಿಂದ ತಲೆಯೆತ್ತಲಿಲ್ಲ. ನನ್ನ ಗಂಡ ಬಾಯಿ ತೆರೆದ, ನಾನು ಮೇಜಿನ ಕೆಳಗೆ ಅವನ ಕಾಲಿಗೆ ಒದ್ದೆ. ಎಲ್ಲರೂ ಪಾರ್ಸ್ಲಿ ಅವಲಕ್ಕಿಯನ್ನು ಚೆನ್ನಾಗಿದೆ ಎಂದು ಹೇಳಿ ತಿಂದೆವು.

ಆ ವಾರವೇ ಆಸ್ಪತ್ರೆಯಿಂದ ಫೋನು ಬಂತು. ಬೇರೆ ಯಾರದೋ ಆಪರೇಷನ್ ರದ್ದಾಗಿದೆ, ನಿಮಗೆ ಬೇಗ ದಿನ ಕೊಡಬಹುದು ಎಂದರು. ಅತ್ತೆ ಒಲ್ಲೆನೆಂದರು. ಕಣ್ಣು ಬಂದಮೇಲೆ ಆಪರೇಷನ್ ಯಾಕೆ ಎಂದರು. ಈ ದಿನ ಬಿಟ್ಟರೆ ಸರದಿಯ ಕೊನೆಗೆ ಹೋಗಬೇಕಾಗುತ್ತದೆ, ಅಷ್ಟರಲ್ಲಿ ಇನ್ನೊಮ್ಮೆ ಬಿದ್ದರೆ ಈ ಸಲ ತರಚುವುದು ಮೊಣಕಾಲಲ್ಲ, ಮುರಿಯುವುದು ಸೊಂಟ. ನನ್ನ ಗಂಡ ಎರಡು ದಿನ ಗೋಗರೆದ. ಮೂರನೆಯ ದಿನ ತಾಳ್ಮೆ ಕೆಟ್ಟು, ಅವ್ವನ ಕೈಹಿಡಿದು ಸೋಫಾದಲ್ಲಿ ಕೂರಿಸಿ, ಅದೇ ಚಿತ್ರವನ್ನು ಮಧ್ಯದಿಂದ ಹಚ್ಚಿದ.

“ಯವ್ವಾ, ಇವತ್ತ ಪೂರಾ ನೋಡು. ಎದ್ದು ಹೋಗುವಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಇದ್ದದ್ದು ಇದ್ದಂಗ ಹೇಳು. ಮಸಾಲಿ ಹಾಕಬ್ಯಾಡ” ಎಂದ.

ಇದ್ದದ್ದು ಇದ್ದ ಹಾಗೆ ಹೇಳಿದೆ. ನಡೆದು ಬಂದವರನ್ನೇ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿ ಒಳಗೆ ತಳ್ಳುತ್ತಿದ್ದದ್ದು, ವೇದಿಕೆಯ ಹತ್ತಿರ ಅವನು ‘ಏಳು’ ಎಂದಾಗ ಅವರು ಏಳುತ್ತಿದ್ದದ್ದು, ನಿಜವಾಗಿ ನಡೆಯಲಾರದವರನ್ನು ಹಿಂದಿನ ಸಾಲಿನಲ್ಲೇ ಬಿಡುತ್ತಿದ್ದದ್ದು. ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. ಅತ್ತೆ ಕೊನೆಯವರೆಗೂ ಅಲುಗಾಡದೆ ನೋಡಿದರು. ಚಿತ್ರ ಮುಗಿದಾಗ ನನ್ನ ಗಂಡ ಕೇಸು ಗೆದ್ದ ವಕೀಲನ ಗತ್ತಿನಲ್ಲಿ ಕೇಳಿದ.

“ಈಗರ ತಿಳೀತಾ? ಎಂಥಾ ಮನಶ್ಯಾನ್ನ ನಂಬಿದ್ದಿ?”

ಅತ್ತೆ ಅವನನ್ನು ಬಿಟ್ಟು ನನ್ನನ್ನು ನೋಡಿದರು.

“ಆ ಮನಶ್ಯಾ ಏನ ಒದರಿದ್ನೋ ನಂಗೇನು ಗೊತ್ತವ್ವಾ? ಅವನ ಒಂದ ಮಾತರ ನಂಗ ತಿಳೀತೈತೇನು? ನಾ ಕೇಳಿದ್ದು ನಿನ್ನ ಮಾತು. ಕಣ್ಣಿಗೆ ಬೆಳಕ ಬರತೈತಿ ಅಂತ ನೀ ಅಂದಿ. ನೀ ಅಂದೀ ಅಂತ ಕೈ ಇಟ್ಟೆ.”

ನನ್ನ ಗಂಡ ರಿಮೋಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅಷ್ಟು ವಾರ ನಾವು ಅಮೆರಿಕದವರ ಮಾತಿನ ಮೋಡಿಯ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ಅತ್ತೆಯ ಮಟ್ಟಿಗೆ ಆ ಕೋಣೆಯಲ್ಲಿದ್ದ ಪ್ರವಚನಕಾರ್ತಿ ನಾನೊಬ್ಬಳೇ.

“ಹಾಗಾದ್ರೆ ಕಣ್ಣು ನಿಜವಾಗ್ಲೂ ಕಾಣ್ತಿದೆಯಾ ಅತ್ತೆ?” ಎಂದೆ.

“ಕೊತ್ತಂಬರಿ ತಿಂದಿಯಲ್ಲ, ಮತ್ತೇನ ಕೇಳ್ತಿ?” ಎಂದರು.

ಮೂವರೂ ನಕ್ಕೆವು. ನಗು ಮುಗಿದ ಮೇಲೆ, ಮತ್ತೆ ಆಪರೇಷನ್ ಯಾಕೆ ಬೇಡ, ಬಲಗಣ್ಣಿಗೆ ಹೆದರದೆ ಮಾಡಿಸಿಕೊಂಡಿರಲ್ಲ ಎಂದು ಕೇಳಿದೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

“ಅಲ್ಲಿ ಡಾಕ್ಟರ ಇಡೀ ಹೊತ್ತು ನನ್ನ ಜೋಡಿ ಮಾತಾಡಿಕೋತ ಮಾಡಿದ. ಯವ್ವಾ ಮ್ಯಾಲ ನೋಡು, ಯವ್ವಾ ಅಲುಗಾಡಬ್ಯಾಡ, ಆತು ಆತು ಅಂತ. ಇಲ್ಲಿ ಮಾರಿ ಮ್ಯಾಲ ಅರಿವಿ ಹೊಚ್ಚತಾರ. ಒಳಗ ಎಚ್ಚರ ಇರತೈತಿ. ಅವರು ಏನ ಅಂತಾರೋ ಏನೋ. ಮ್ಯಾಲ ನೋಡು ಅಂದಾಗ ನಾ ತೆಳಗ ನೋಡಿದರ? ಆ ಹೊತ್ತಿನ್ಯಾಗ ಕಣ್ಣ ಅವರ ಕೈಯಾಗ ಇರತೈತಿ.”

ಇಷ್ಟು ದಿನ ಅವರು ಹೆದರಿದ್ದು ಕತ್ತರಿಗಲ್ಲ. ಕತ್ತಲಲ್ಲಿ ಮಲಗಿ, ತಿಳಿಯದ ಮಾತು ಕೇಳುವುದಕ್ಕೆ. ಇದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ, ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ. ತಪಾಸಣೆಗೆ ಹೋದಾಗ ಆಸ್ಪತ್ರೆಯವರು ಫೋನಿನಲ್ಲಿ ಕನ್ನಡದ ದುಭಾಷಿಯೊಬ್ಬರನ್ನು ಕೊಡಿಸಿದ್ದರು. ಪಾಪ, ಒಳ್ಳೆಯವರೇ. ‘ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ’ ಎಂದು ಶುರುಮಾಡಿ ವಾರ್ತೆ ಓದಿದ ಹಾಗೆ ಓದಿದ್ದರು. ಅತ್ತೆ ಎಲ್ಲಕ್ಕೂ ಹೂಂ ಎಂದಿದ್ದರು. ಹೊರಗೆ ಬಂದಮೇಲೆ, ಆ ಬಾಯಿಗೆ ಏನು ಬೇಕಾಗಿತ್ತಂತೆ ಎಂದು ನನ್ನನ್ನು ಕೇಳಿದ್ದರು.

“ನೀ ಒಳಗ ಬರ್ತೀ ಏನು?” ಎಂದು ಈಗ ಕೇಳಿದರು. ಅಷ್ಟು ವರ್ಷದಲ್ಲಿ ಅವರು ನನ್ನಿಂದ ಒಂದು ಸಹಾಯ ಕೇಳಿದ್ದು ಅದೇ ಮೊದಲು. ಮಾಡು ಎಂದು ಹೇಳಿದ್ದು ಬೇಕಾದಷ್ಟಿದೆ.

ಮರುದಿನ ಆಸ್ಪತ್ರೆಗೆ ಫೋನು ಮಾಡಿದೆ. ಒಪ್ಪಿಗೆ ಕೇಳುವುದೆಲ್ಲ ದುಭಾಷಿಯ ಮೂಲಕವೇ ಆಗಬೇಕು, ಮನೆಯವರು ಒಳಗೆ ಬರುವುದು ವಾಡಿಕೆಯಿಲ್ಲ ಎಂದರು. ನಾನೂ ಬಿಡಲಿಲ್ಲ. ಕೊನೆಗೆ ಡಾಕ್ಟರೇ, ರೋಗಿಗೆ ಧೈರ್ಯವಾಗುವುದಾದರೆ ಬರಲಿ, ಸ್ಟೂಲಿನಿಂದ ಏಳಕೂಡದು, ಏನನ್ನೂ ಮುಟ್ಟಕೂಡದು ಎಂದು ಒಪ್ಪಿದರು.

ಕಣ್ಣು ಈಗ ಚೆನ್ನಾಗಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಓದುವವರನ್ನು ಸುಮ್ಮನೆ ಕಾಯಿಸುವುದು ನನಗೆ ಸೇರದು. ಅತ್ತೆ ಒಬ್ಬರೇ ರಸ್ತೆ ದಾಟುತ್ತಾರೆ, ಅಂಗಡಿಯವನ ಜೊತೆ ಜಗಳ ಮುಂದುವರಿದಿದೆ. ನಾನು ಹೇಳಬೇಕಾದದ್ದು ಒಳಗೆ ನಡೆದದ್ದು.

ಬೆಳಗಿನ ಸರದಿ. ನನಗೂ ಟೋಪಿ, ಮಾಸ್ಕು, ನೀಲಿ ಗೌನು ಹಾಕಿದರು. ಅತ್ತೆಯ ಮುಖದ ಮೇಲೆ ಬಟ್ಟೆ ಹೊದಿಸಿ ಎಡಗಣ್ಣಷ್ಟೇ ಕಾಣುವಂತೆ ಬಿಟ್ಟರು. ಡಾಕ್ಟರು ಎತ್ತರದ ಹೆಂಗಸು, ನಿಧಾನವಾಗಿ ಮಾತಾಡುವವರು. ತಲೆಯಾಡಿಸಬೇಡಿ, ನೋವಾದರೆ, ಕೆಮ್ಮು ಬಂದರೆ ನರ್ಸಿನ ಕೈ ಒತ್ತಿ, ನಾನು ತಕ್ಷಣ ನಿಲ್ಲಿಸುತ್ತೇನೆ ಎಂದರು. ನಾನು ಸ್ಟೂಲಿನ ಮೇಲೆ ಬಾಗಿ ಅತ್ತೆಯ ಕಿವಿಗೆ ಹೇಳಿದೆ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಅತ್ತೆ ಬಟ್ಟೆಯ ಕೆಳಗಿನಿಂದ, “ಅವರು ಸುಮ್ಮನಾದರೂ ನೀ ಸುಮ್ಮನಾಗಬ್ಯಾಡ” ಎಂದರು.

ಡಾಕ್ಟರು ಕೆಲಸ ಶುರುಮಾಡಿದರು. ಬೆಳಕನ್ನು ನೋಡಿ ಎಂದರು, ಬೆಳಕ ನೋಡ್ರಿ ಅತ್ತೆ ಎಂದೆ. ಚೆನ್ನಾಗಿ ಮಾಡುತ್ತಿದ್ದೀರಿ ಎಂದರು, ಚೊಲೊ ಮಾಡಾಕತ್ತೀರಿ ಎಂದೆ. ಆಮೇಲೆ ಅವರು ಮಾತು ನಿಲ್ಲಿಸಿದರು. ಯಂತ್ರದ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ಅನುವಾದ ಮಾಡಲು ಮಾತಿಲ್ಲ, ಸುಮ್ಮನಿರುವ ಹಾಗಿಲ್ಲ.

ಹೊರಗೆ ಬಿಸಿಲು ಬಂದಿದೆ ಎಂದು ಹೇಳಿದೆ. ನಿಮ್ಮ ಮಗ ಕಾಯುವ ಕೋಣೆಯಲ್ಲಿ ಉಗುರು ಕಚ್ಚುತ್ತ ಕೂತಿದ್ದಾನೆ ಎಂದೆ. ರಾತ್ರಿಗೆ ಅನ್ನ ಸಾರು ಸಾಕು, ನೀವು ರೊಟ್ಟಿಗೆ ಏಳಬೇಡಿ ಎಂದೆ. ಹೇಳಬಹುದಾದ್ದೆಲ್ಲ ಅಲ್ಲಿಗೆ ಮುಗಿಯಿತು. ದೇವರು, ಜನ್ಮ, ನಾಲ್ಕು ದಿನದ ಸಂತೆ ಎಂದು ಕಂಡವರ ಮಾತನ್ನು ಅಷ್ಟು ಕಾಲ ಗಂಟೆಗಟ್ಟಲೆ ಹೇಳಿದ ನನಗೆ, ನನ್ನದೇ ಮಾತು ಐದು ನಿಮಿಷಕ್ಕಾಗುವಷ್ಟೂ ಇರಲಿಲ್ಲ. ಡಾಕ್ಟರು ಇನ್ನೂ ಬಗ್ಗಿಕೊಂಡೇ ಇದ್ದರು. ಆಗ ಬಾಯಿಗೆ ಬಂದದ್ದನ್ನು ಹೇಳಿದೆ.

“ಅತ್ತೆ, ನೀವು ಬರೂತನಾ ನಮ್ಮದು ಬರೇ ಮಲಗೂ ಮನಿ ಆಗಿತ್ತು. ನೀವು ಬಂದಮ್ಯಾಲ ನನಗ ಸಂಜಿಗೆ ಮನಿಗೆ ಬರಬೇಕು ಅನಸ್ತೈತಿ. ನೀವಂದರ ನನಗ ಭಾಳ ಪ್ರೀತಿ ಅತ್ತೆ. ಹೇಳಿರಲಿಲ್ಲ.”

“ಕೈ ಒತ್ತಿದರು,” ಎಂದು ನರ್ಸು ತಟ್ಟನೆ ಇಂಗ್ಲಿಷಿನಲ್ಲಿ ಹೇಳಿದಳು.

ಡಾಕ್ಟರು ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡರು. ನೋವಾಗುತ್ತಿದೆಯೇ ಕೇಳಿ ಎಂದರು. ಬಾಗಿ ಕೇಳಿದೆ.

“ನೋವಿಲ್ಲ,” ಎಂದರು ಅತ್ತೆ. “ಈಗ ಅಂದಿಯಲ್ಲ, ಅದು ಡಾಕ್ಟರ ಅಂದದ್ದೋ, ನೀ ಅಂದದ್ದೋ?”

“ನಾನೇ ಅಂದದ್ದು ಅತ್ತೆ.”

“ಹಂಗಾರ ಇನ್ನೊಮ್ಮೆ ಹೇಳು. ಆಮ್ಯಾಲ ಅವರಿಗೆ ಮುಂದ ನಡಸ್ರಿ ಅನ್ನು.”

ಇನ್ನೊಮ್ಮೆ ಹೇಳಿದೆ. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ಏನು ಹೇಳಿದರು ಎಂದು ಕೇಳಿದರು. ನೋವೇನೂ ಇಲ್ಲವಂತೆ, ನೀವು ಮುಂದುವರಿಸಿ ಎಂದೆ.